ಅದಿರಿನಿಂದ ಹುಟ್ಟಿದ ಗಣಿತ

ಹೊಸಪೇಟೆಯಿಂದ ಸಂಡೂರಿನತ್ತ ಹೊರಟರೆ ಕಬ್ಬಿಣದ ಅದಿರಿನ ಬೆಟ್ಟಸಾಲು ಎದುರಾಗುತ್ತದೆ. ಅದಿರನ್ನು ಒಡೆದು, ಜರಡಿಯಾಡಿ, ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವುದು ಈ ಭಾಗದವರಿಗೆ ಪರಿಚಿತ ಕೆಲಸ. ಕಲ್ಲನ್ನು ಒಡೆಯದೆ, ಅದರ ಚಿತ್ರವನ್ನೇ ಜರಡಿಯಾಡಲು ಸಾಧ್ಯವೇ? ಸಾಧ್ಯ. ಅದಕ್ಕೆಂದೇ ಬೆಳೆದ ಗಣಿತಕ್ಕೆ ಮ್ಯಾಥಮ್ಯಾಟಿಕಲ್ ಮಾರ್ಫಾಲಜಿ, ಅಂದರೆ ಆಕೃತಿ ಗಣಿತ, ಎಂದು ಹೆಸರು. ಉಕ್ಕಿನ ಹಾಳೆಯ ಗೀರು, ಬಿರುಕುಗಳನ್ನು ಕ್ಯಾಮೆರಾದಿಂದ ಪತ್ತೆಹಚ್ಚುವ ಯಂತ್ರದೃಷ್ಟಿಯಲ್ಲಿ ಇಂದು ಅದರ ಬಳಕೆ ವ್ಯಾಪಕ. ವಿಶೇಷವೆಂದರೆ, ಅದು ಹುಟ್ಟಿದ್ದೂ ಕಬ್ಬಿಣದ ಅದಿರಿನ ಅಧ್ಯಯನದಿಂದಲೇ.

ಲೊರೇನ್‌ನ ಪ್ರಶ್ನೆ

ಫ್ರಾನ್ಸಿನ ಲೊರೇನ್ ಪ್ರಾಂತ್ಯದ ಅದಿರು ಸಂಡೂರಿನ ಹೆಮಟೈಟಿನಷ್ಟು ಸಮೃದ್ಧವಲ್ಲ. ಅದರಲ್ಲಿ ಕಬ್ಬಿಣದ ಖನಿಜವು ಸಣ್ಣ ಕಾಳುಗಳಾಗಿ ಬೇರೆ ಖನಿಜಗಳ ನಡುವೆ ಹುದುಗಿರುತ್ತದೆ. ಅಂಥ ಅದಿರನ್ನು ಎಷ್ಟು ನುಣ್ಣಗೆ ಅರೆಯಬೇಕು? ಅರೆದದ್ದು ಸಾಲದಿದ್ದರೆ ಖನಿಜ ಬೇರ್ಪಡದು. ಹೆಚ್ಚಾದರೆ ಶಕ್ತಿ ವ್ಯರ್ಥ. ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣ ಮತ್ತು ಸಿಲಿಕಾ ಪದರಗಳು ಒಂದರ ಮೇಲೊಂದು ಕೂತಿರುವ ಪಟ್ಟೆಕಲ್ಲಿಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ.

ಅದಿರಿನ ಒಳರಚನೆಯನ್ನು ಅಳೆದು, ಅರೆಯುವಾಗ ಅದು ಹೇಗೆ ವರ್ತಿಸೀತೆಂದು ಮುಂಚಿತವಾಗಿ ತಿಳಿಸುವ ಕೆಲಸವನ್ನು 1964ರಲ್ಲಿ ಝಾಂ ಸೆರಾ ಎಂಬ ಯುವ ಸಂಶೋಧಕ ಕೈಗೆತ್ತಿಕೊಂಡರು. ಅವರ ಮಾರ್ಗದರ್ಶಕರು ಪ್ಯಾರಿಸ್ ಗಣಿ ಶಾಲೆಯ ಜಾರ್ಜ್ ಮಾತೆರೋಂ. ನಯಗೊಳಿಸಿದ ಅದಿರಿನ ಚಿತ್ರದ ಮೇಲೆ ಒಂದು ಚಿಕ್ಕ ಆಕೃತಿಯನ್ನು ಸರಿಸುತ್ತ, ‘ಇದು ಕಾಳಿನೊಳಗೆ ಪೂರ್ತಿ ಹಿಡಿಸುತ್ತದೆಯೇ?’ ಎಂದು ಎಲ್ಲೆಡೆ ಕೇಳುವುದೇ ಅವರ ವಿಧಾನ. 1968ರಲ್ಲಿ ಗಣಿ ಶಾಲೆಯು ಫಾಂಟೆನ್‌ಬ್ಲೊದಲ್ಲಿ ಈ ವಿಷಯಕ್ಕೇ ಕೇಂದ್ರವನ್ನು ತೆರೆಯಿತು.

ಸವೆತ ಮತ್ತು ಹಿಗ್ಗು

ಒಂದು ಸಾಲಿನ ಚಿತ್ರವನ್ನು ತೆಗೆದುಕೊಳ್ಳೋಣ. 1 ಎಂದರೆ ಖನಿಜ, 0 ಎಂದರೆ ಖಾಲಿ.

0 1 0 1 1 1 0 1 1 1 1 1 0

ಮೂರು ಮನೆಗಳ ಪಟ್ಟಿಯನ್ನು ಇದರ ಮೇಲೆ ಸರಿಸಿ. ಪಟ್ಟಿಯ ಮೂರೂ ಮನೆಗಳಲ್ಲಿ 1 ಇದ್ದರೆ ಮಾತ್ರ ನಡುಮನೆಯ 1 ಉಳಿಸಿ. ಇದು ಸವೆತ.

0 0 0 0 1 0 0 0 1 1 1 0 0

ಈಗ ಉಳಿದ ಪ್ರತಿ 1ರ ಎರಡೂ ಪಕ್ಕಕ್ಕೆ 1 ಸೇರಿಸಿ. ಇದು ಹಿಗ್ಗು.

0 0 0 1 1 1 0 1 1 1 1 1 0

ಒಂಟಿ ಚುಕ್ಕೆ ಮಾಯವಾಯಿತು. ಉಳಿದ ಕಾಳುಗಳ ಅಂಚು ಕದಲಲಿಲ್ಲ. ಸವೆತದ ನಂತರ ಹಿಗ್ಗು ಬಂದರೆ ಆ ಜೋಡಿ ಕ್ರಿಯೆ ‘ತೆರೆಯುವಿಕೆ’. ಕ್ರಮ ತಿರುಗಿಸಿದರೆ ‘ಮುಚ್ಚುವಿಕೆ’. ಅದು ಸಣ್ಣ ತೂತುಗಳನ್ನು ತುಂಬುತ್ತದೆ.

ಪಟ್ಟಿಯ ಉದ್ದವನ್ನು 1, 3, 5, 7 ಎಂದು ಹೆಚ್ಚಿಸುತ್ತ ಮೂಲ ಸಾಲನ್ನು ತೆರೆದರೆ ಉಳಿಯುವ 1ಗಳ ಸಂಖ್ಯೆ 9, 8, 5, 0. ಪ್ರತಿ ಹಂತದ ಇಳಿಕೆ 1, 3, 5. ಇವು ಸಾಲಿನಲ್ಲಿದ್ದ ಮೂರು ಕಾಳುಗಳ ಉದ್ದಗಳೇ! ಜರಡಿಯ ಕಣ್ಣು ದೊಡ್ಡದಾದಂತೆ ಅದರ ಮೇಲುಳಿಯುವ ಅದಿರು ಕಡಿಮೆಯಾಗುವಂತೆಯೇ ಇದೂ.

ಒಮ್ಮೆ ಜರಡಿಯಾಡಿದ್ದನ್ನು ಅದೇ ಜರಡಿಯಲ್ಲಿ ಮತ್ತೆ ಆಡಿದರೆ ಹೊಸದೇನೂ ಉದುರದು. ಮಾತೆರೋಂ ಮತ್ತು ಸೆರಾ ತಮ್ಮ ಶೋಧಕಗಳಿಗೂ ಈ ಗುಣ ಇರಲೇಬೇಕೆಂದರು. ನೆರೆಯ ಪಿಕ್ಸೆಲ್‌ಗಳ ಸರಾಸರಿ ತೆಗೆಯುವ ಶೋಧಕಕ್ಕೆ ಈ ಗುಣವಿಲ್ಲ; ಪ್ರತಿ ಬಾರಿಯೂ ಅಂಚು ಇನ್ನಷ್ಟು ಮಸುಕಾಗುತ್ತದೆ.

ಕಾರ್ಖಾನೆಗೆ ಬಂದ ಬಗೆ

1970ರ ದಶಕದಲ್ಲಿ ಜರ್ಮನಿಯ ಲೈಟ್ಸ್ ಕಂಪನಿ ಈ ಕ್ರಿಯೆಗಳನ್ನು ಮಾಡುವ ಉಪಕರಣವನ್ನು ಮಾರುಕಟ್ಟೆಗೆ ತಂದಿತು. ಸೆರಾ ಅವರ ಗ್ರಂಥ 1982ರಲ್ಲಿ ಇಂಗ್ಲಿಷಿನಲ್ಲಿ ಹೊರಬಂತು. ಅಮೆರಿಕದಲ್ಲಿ ಸ್ಟ್ಯಾನ್ಲಿ ಸ್ಟರ್ನ್‌ಬರ್ಗ್ ಈ ಕ್ರಿಯೆಗಳನ್ನು ವೇಗವಾಗಿ ನಡೆಸುವ ಗಣಕಗಳನ್ನು ರೂಪಿಸಿ, ಕೈಗಾರಿಕಾ ತಪಾಸಣೆಗೆ ದಾರಿ ಮಾಡಿದರು.

ಇಲ್ಲೊಂದು ಎಚ್ಚರಿಕೆ ಅಗತ್ಯ. ನಮ್ಮ ಸಾಲಿನಿಂದ ಮಾಯವಾದ ಒಂಟಿ ಚುಕ್ಕೆ ಏನು? ಧೂಳಾಗಿದ್ದರೆ ಅಡ್ಡಿಯಿಲ್ಲ. ಉಕ್ಕಿನ ಹಾಳೆಯ ಸೂಜಿರಂಧ್ರವಾಗಿದ್ದರೆ, ಕೆಟ್ಟ ಹಾಳೆ ಒಳ್ಳೆಯದೆಂದು ಮುಂದೆ ಸಾಗುತ್ತದೆ. ಇದಕ್ಕೊಂದು ಉಪಾಯವನ್ನು ಫಾಂಟೆನ್‌ಬ್ಲೊ ಕೇಂದ್ರದ ಫರ್ನಾಂ ಮೆಯೆರ್ 1970ರ ದಶಕದಲ್ಲೇ ನೀಡಿದ್ದರು: ಮೂಲ ಚಿತ್ರದಿಂದ ತೆರೆದ ಚಿತ್ರವನ್ನು ಕಳೆಯಿರಿ. ಆಗ ಜರಡಿಯಿಂದ ಉದುರಿದ್ದು ಮಾತ್ರ ಕೈಗೆ ಸಿಗುತ್ತದೆ. ಇದಕ್ಕೆ ‘ಟಾಪ್‌ಹ್ಯಾಟ್’ ಎಂದು ಹೆಸರು. ಬೆಳಕು ಏರುಪೇರಾಗಿದ್ದರೂ ಸಣ್ಣ ಗೀರುಗಳನ್ನು ಎತ್ತಿ ತೋರಿಸುವುದು ಇದರ ಹೆಚ್ಚುಗಾರಿಕೆ.

ಚುಕ್ಕೆ ಧೂಳೋ ದೋಷವೋ ಎಂಬುದು ಶೋಧಕಕ್ಕೆ ತಿಳಿಯದು. ಪಟ್ಟಿಯ ಉದ್ದ ಮೂರಿರಬೇಕೋ ಐದಿರಬೇಕೋ ಎಂಬುದನ್ನು ಆ ವಸ್ತುವನ್ನು ಬಲ್ಲವರು ನಿರ್ಧರಿಸಬೇಕು. ಸೆರಾ ಅವರ ಕೆಲಸವೂ ಅದಿರನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದರಿಂದಲೇ ಮೊದಲಾಯಿತು. ಶಿಕ್ಷಕರು ಈ ಸಾಲನ್ನು ಗ್ರಾಫ್ ಹಾಳೆಯ ಮೇಲೆ ಬರೆಸಿ, ಬೇರೆ ಬೇರೆ ಪಟ್ಟಿಗಳಿಂದ ತೆರೆಸಿ ನೋಡಬಹುದು, ಗಣಕದ ಅಗತ್ಯವಿಲ್ಲ.