ತೊಡೆಸಂದಿನ ಕುರು: ಕತ್ತಿ ಹಳೆಯದು, ಕಣ್ಣು ಹೊಸದು

ಕಳಸ, ಮೂಡಿಗೆರೆ ಕಡೆಯ ಮಳೆಯಲ್ಲಿ ಗೊರಬೋ ಪ್ಲಾಸ್ಟಿಕ್ಕೋ ಹೊದ್ದವರ ಬೆನ್ನು ಹೇಗೋ ಉಳಿಯುತ್ತದೆ. ಸೊಂಟದ ಕೆಳಗಿನ ಬಟ್ಟೆ ಸಂಜೆಯವರೆಗೂ ಒದ್ದೆ. ಆ ಬಟ್ಟೆ ಉಜ್ಜಿ, ಇಂಬಳ ಕಚ್ಚಿದಲ್ಲಿ ಕೆರೆದು, ತೊಡೆಸಂದಿನ ಕೂದಲ ಬುಡಕ್ಕೆ ಸೋಂಕು ಇಳಿದರೆ ಕುರು ಏಳುತ್ತದೆ. ಜನ ಇದನ್ನು ‘ಉಷ್ಣ’ ಎನ್ನುತ್ತಾರೆ. ತೋಟದ ಕೂಲಿಯವರ ಲೈನ್ ಮನೆಗಳಲ್ಲಿ, ಅದರಲ್ಲೂ ಹೆಂಗಸರು, ನಡೆಯಲಾಗದಷ್ಟು ನೋವಾದ ಮೇಲಷ್ಟೇ ಬಾಯಿ ಬಿಡುತ್ತಾರೆ.

ಮನೆಮದ್ದಿನಲ್ಲಿ ಅರಿಶಿನದ ಪಟ್ಟು, ಸುಟ್ಟ ಈರುಳ್ಳಿ, ಬಿಸಿನೀರಿನ ಶಾಖ. ಕೊನೆಯದನ್ನು ಇಂದಿನ ವೈದ್ಯರೂ ಹೇಳುತ್ತಾರೆ. ಬಾವು ಹಸಿ, ಹಣ್ಣಾಗುತ್ತಿರುವುದು, ಹಣ್ಣಾದದ್ದು ಎಂಬ ಮೂರು ಹಂತಗಳನ್ನು ಪ್ರಾಚೀನ ಸುಶ್ರುತ ಸಂಹಿತೆ ಆಗಲೇ ಗುರುತಿಸಿತ್ತು. ಹಸಿಯದನ್ನು ಕೊಯ್ದವನನ್ನೂ ಹಣ್ಣಾದದ್ದನ್ನು ಬಿಟ್ಟವನನ್ನೂ ಒಟ್ಟಿಗೇ ಬೈದಿತ್ತು. ಕೀವು ತುಂಬಿದ ಮೇಲೆ ಕೊಯ್ದು ಹೊರಬಿಡಬೇಕೆಂಬ ಮಾತು ಅಲ್ಲಿಂದ ಇಲ್ಲಿಗೆ ಹೆಚ್ಚೇನೂ ಬದಲಾಗಿಲ್ಲ. ಬದಲಾದದ್ದು, ಎಲ್ಲ ಗಂಟೂ ಕುರುವಲ್ಲ ಎಂಬ ತಿಳಿವಳಿಕೆ.

1880ರ ಸುಮಾರಿಗೆ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ ಕೀವಿನಲ್ಲಿ ದ್ರಾಕ್ಷಿಗೊಂಚಲಿನಂಥ ಜೀವಾಣುಗಳನ್ನು ಕಂಡು ಸ್ಟ್ಯಾಫಿಲೊಕಾಕಸ್ ಎಂದು ಹೆಸರಿಟ್ಟ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಜೀವಾಣು ವಿಜ್ಞಾನಿ ಯೆರ್ಸಿನ್ ಪ್ಲೇಗಿನ ಜೀವಾಣುವನ್ನು ಪತ್ತೆ ಮಾಡಿದ. ನಾಲ್ಕೇ ವರ್ಷಕ್ಕೆ ಪ್ಲೇಗು ಮೈಸೂರು ಸಂಸ್ಥಾನಕ್ಕೂ ಬಂತು. ಆಗ ಜ್ವರದ ಜೊತೆ ತೊಡೆಸಂದಿನಲ್ಲಿ ಗಡ್ಡೆ ಎದ್ದರೆ ಊರೇ ಖಾಲಿಯಾಗುತ್ತಿತ್ತು. ಹೊರಗೆ ಕುರುವಿನಂತೆ ಕಂಡರೂ ಅದು ದುಗ್ಧರಸ ಗ್ರಂಥಿಯ ಊತ; ಕಾಯಿಲೆಯೇ ಬೇರೆ.

ಪೆನ್ಸಿಲಿನ್ ಬಂದಾಗ ಎಲ್ಲ ಮುಗಿಯಿತೆಂದು ಭಾವಿಸಿದವರುಂಟು. ಸ್ಟ್ಯಾಫಿಲೊಕಾಕಸ್ ಅದಕ್ಕೆ ಬೇಗನೆ ಬಗ್ಗದಾಯಿತು. ಬದಲಿಗೆ ತಂದ ಮೆಥಿಸಿಲಿನ್‌ಗೂ 1961ರಲ್ಲೇ ಜಗ್ಗದ ತಳಿ ಸಿಕ್ಕಿತು. ಮದ್ದಿದ್ದರೂ ಅದು ಕೂಲಿಯವರಿಗೆ ತಲುಪಬೇಕಲ್ಲ: ನಮ್ಮಲ್ಲಿ 1951ರ ತೋಟ ಕಾರ್ಮಿಕರ ಕಾಯ್ದೆ ದೊಡ್ಡ ತೋಟಗಳಿಗೆ ವೈದ್ಯಕೀಯ ಸೌಲಭ್ಯದ ಹೊಣೆ ಹೊರಿಸಿತು, ಸಣ್ಣ ತೋಟಗಳು ಹೊರಗೇ ಉಳಿದವು. ಇನ್ನು ಮದ್ದಿನ ಪಾಲು ಎಷ್ಟು ಎಂದರೆ, ಸಣ್ಣ ಬಾವುಗಳನ್ನು ಕುರಿತ 2017ರ ಅಮೆರಿಕದ ಅಧ್ಯಯನವೊಂದರಲ್ಲಿ ಕೊಯ್ದು ಕೀವು ತೆಗೆದಷ್ಟಕ್ಕೇ ಶೇ. 69ರಷ್ಟು ಜನ ಗುಣವಾದರು. ಆಂಟಿಬಯಾಟಿಕ್ ಸೇರಿಸಿದಾಗ ಶೇ. 80 ದಾಟಿತು. ಮಾತ್ರೆ ನೆರವಾಗುತ್ತದೆ, ಆದರೆ ಮುಖ್ಯ ಕೆಲಸ ಕತ್ತಿಯದೇ.

ಇಷ್ಟೆಲ್ಲದರ ನಡುವೆ ಕಡೆಗಣನೆಗೆ ಒಳಗಾದ ಕಾಯಿಲೆ ಹೈಡ್ರಾಡಿನೈಟಿಸ್. ತೊಡೆಸಂದಿನಲ್ಲೂ ಕಂಕುಳಲ್ಲೂ ಮತ್ತೆ ಮತ್ತೆ ಎದ್ದು, ಚರ್ಮದಡಿ ಸುರಂಗ ಕೊರೆದು, ಗಾಯದ ಗುರುತು ಬಿಡುತ್ತದೆ. ಫ್ರಾನ್ಸಿನ ಶಸ್ತ್ರವೈದ್ಯ ವೆಲ್ಪೊ 1839ರಲ್ಲೇ ಇದನ್ನು ವಿವರಿಸಿದ್ದ. 1854ರಲ್ಲಿ ಅದೇ ದೇಶದ ವೆರ್ನಾಯ್ ಬೆವರು ಗ್ರಂಥಿಯ ಮೇಲೆ ತಪ್ಪು ಹೊರಿಸಿದ. ಮೂಲ ಅಡಚಣೆ ಕೂದಲ ಬುಡದಲ್ಲಿ ಎಂಬುದು ಖಚಿತವಾಗಲು ಮುಂದಿನ ಶತಮಾನವೇ ಬೇಕಾಯಿತು. ಇದು ಕೊಳಕಿನಿಂದ ಬರುವುದಲ್ಲ, ಅಂಟುವುದೂ ಅಲ್ಲ. ಬರೀ ಕೊಯ್ದರೆ ಮರುಕಳಿಸುತ್ತದೆ. 2015ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಪಡೆದ ಅಡಾಲಿಮುಮ್ಯಾಬ್ ಚುಚ್ಚುಮದ್ದು ಕೂಲಿಯವರ ಕೈಗೆ ಎಟುಕುವಂಥದ್ದಲ್ಲ. ಪದೇ ಪದೇ ಕುರು ಎದ್ದರೆ ಸಕ್ಕರೆ ಕಾಯಿಲೆಯ ಪರೀಕ್ಷೆಯೂ ಆಗಲಿ. ಅದಕ್ಕೇನೂ ದೊಡ್ಡ ಖರ್ಚಿಲ್ಲ.

ಅದೇ ತೊಡೆಸಂದಿಗೆ ಮೆಡಿಕಲ್ ಶಾಪಿನ ಟ್ಯೂಬುಗಳದ್ದು ಇನ್ನೊಂದು ಕಾಟ. ಹುಳುಕಡ್ಡಿಗೆಂದು ಹಚ್ಚುವ ಸ್ಟೀರಾಯ್ಡ್ ಬೆರೆತ ಮುಲಾಮು ತುರಿಕೆ ಅಡಗಿಸಿ ಚರ್ಮವನ್ನು ತೆಳುವಾಗಿಸುತ್ತದೆ. 2018ರಲ್ಲಿ ಸರ್ಕಾರ ಇಂಥವನ್ನು ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಬಿಗಿ ಮಾಡಿದರೂ ಕೇಳಿದವರಿಗೆ ಈಗಲೂ ಸಿಗುತ್ತದೆ.

ಜ್ವರ ಬಂದರೆ, ಕೆಂಪು ಹರಡುತ್ತಿದ್ದರೆ, ಬಸುರಿಯರಿಗೆ, ಸಕ್ಕರೆ ಕಾಯಿಲೆಯವರಿಗೆ ಶಾಖ ಕೊಡುತ್ತಾ ಕಾಯುವುದು ಬೇಡ. ಕೆಮ್ಮಿದಾಗ ಉಬ್ಬಿ, ಮಲಗಿದಾಗ ಇಳಿಯುವ ಗಂಟು ಹರ್ನಿಯಾ ಇರಬಹುದು. ಅದನ್ನು ಕುರುವೆಂದು ಬ್ಲೇಡು ಹಾಕಿದರೆ ಸಿಗುವುದು ಕೀವಲ್ಲ, ಕರುಳು.