ಎಳೆಯ ಮಕ್ಕಳ ಅರೆತಲೆನೋವು: ಗುರುತಿಸುವ ಬಗೆ ಬೆಳೆದು ಬಂದದ್ದು

ಮೈಗ್ರೇನ್‌ಗೆ ಕನ್ನಡದಲ್ಲಿ ಅರೆತಲೆನೋವು ಎನ್ನುತ್ತಾರೆ. ಗ್ರೀಕ್ ಮೂಲದ ಪದಕ್ಕೂ ಆಯುರ್ವೇದದ ಅರ್ಧಾವಭೇದಕಕ್ಕೂ ಹೆಚ್ಚುಕಡಿಮೆ ಅದೇ ಅರ್ಥ. ಆದರೆ ಚಿಕ್ಕ ಮಕ್ಕಳಲ್ಲಿ ನೋವು ಸಾಮಾನ್ಯವಾಗಿ ಹಣೆಯ ಎರಡೂ ಬದಿಗೆ ಇರುತ್ತದೆ. ಹೆಸರೇ ದಾರಿ ತಪ್ಪಿಸುತ್ತದೆ.

ರಕ್ತಪರೀಕ್ಷೆಯಲ್ಲಾಗಲಿ ಸ್ಕ್ಯಾನಿನಲ್ಲಾಗಲಿ ಮೈಗ್ರೇನ್ ಸಿಕ್ಕಿಬೀಳುವುದಿಲ್ಲ. ಲಕ್ಷಣಗಳೇ ಆಧಾರ. 1955ರಲ್ಲಿ ಸ್ವೀಡನ್ನಿನ ವೈದ್ಯ ಬೋ ವಾಲ್ಕ್ವಿಸ್ಟ್ ಮಕ್ಕಳಿಗೆ ಹೊಂದುವ ಸರಳ ಅಳತೆಗೋಲು ಕೊಟ್ಟರು: ಬಿಟ್ಟುಬಿಟ್ಟು ಬರುವ ತಲೆನೋವಿನ ಜೊತೆಗೆ ಒಂದೇ ಬದಿಯ ನೋವು, ವಾಕರಿಕೆ, ಕಣ್ಣೆದುರು ಮಿಂಚು, ಮನೆತನದಲ್ಲಿ ಅದೇ ಕಾಯಿಲೆ, ಈ ನಾಲ್ಕರಲ್ಲಿ ಎರಡಿದ್ದರೆ ಸಾಕು. ಅದೇ ದೇಶದ ವೈದ್ಯ ಬೋ ಬಿಲ್ಲೆ ಉಪ್ಸಾಲಾದ 8,993 ಶಾಲಾಮಕ್ಕಳ ಸಮೀಕ್ಷೆ ನಡೆಸಿ 1962ರಲ್ಲಿ ವರದಿ ಕೊಟ್ಟಾಗ ಸುಮಾರು ಶೇ. 4ರಷ್ಟು ಮಕ್ಕಳಲ್ಲಿ ಮೈಗ್ರೇನ್ ಕಂಡಿತ್ತು. ತೀವ್ರವಾಗಿ ನರಳುತ್ತಿದ್ದ 73 ಮಕ್ಕಳ ಬೆನ್ನು ಅವರು 40 ವರ್ಷ ಬಿಡಲಿಲ್ಲ. ಅರ್ಧಕ್ಕಿಂತ ಹೆಚ್ಚು ಮಂದಿಗೆ ಐವತ್ತರ ಹೊತ್ತಿಗೂ ನೋವು ಉಳಿದಿತ್ತು. ಶಾಲೆ ತಪ್ಪಿಸುವ ನೆವ ಎನ್ನುವವರಿಗೆ ಇಷ್ಟು ಉತ್ತರ ಸಾಕು.

ಅಂತರರಾಷ್ಟ್ರೀಯ ತಲೆನೋವು ಸಂಘದ ವರ್ಗೀಕರಣ 1988ರಲ್ಲಿ ಬಂತು. ದೊಡ್ಡವರಲ್ಲಿ ನೋವು ಕನಿಷ್ಠ 4 ಗಂಟೆ ಇರಬೇಕು, ಮಕ್ಕಳಲ್ಲಿ 2 ಗಂಟೆ ಸಾಕು ಎಂದಿತು. 2004ರಲ್ಲಿ ಅದು 1 ಗಂಟೆಗೆ ಇಳಿಯಿತು, 2018ರ ಮೂರನೆಯ ಆವೃತ್ತಿಯಲ್ಲಿ ಮತ್ತೆ 2 ಗಂಟೆಗೆ ಏರಿತು. ಈ ಜಗ್ಗಾಟಕ್ಕಿಂತ ಮುಖ್ಯವಾದದ್ದು ಇನ್ನೊಂದು: ಬೆಳಕು, ಸದ್ದು ಸಹಿಸಲಾಗದ್ದನ್ನು ಮಗು ಬಾಯಿಬಿಟ್ಟು ಹೇಳಬೇಕಿಲ್ಲ, ನಡವಳಿಕೆಯಿಂದ ಊಹಿಸಬಹುದು ಎಂಬ ಒಪ್ಪಿಗೆ. ನಾಲ್ಕು ವರ್ಷದ ಮಗು ಆಟದ ನಡುವೆ ಬಿಳಿಚಿಕೊಳ್ಳುತ್ತದೆ, ಟಿವಿ ಆರಿಸೆಂದು ಅಳುತ್ತದೆ, ಕತ್ತಲ ಮೂಲೆ ಹುಡುಕುತ್ತದೆ, ವಾಂತಿ ಮಾಡಿ ಮಲಗುತ್ತದೆ. ಎದ್ದಾಗ ಏನೂ ಆಗಿಲ್ಲವೆಂಬಂತೆ ತಿಂಡಿ ಕೇಳುತ್ತದೆ. ಆ ನಿದ್ದೆಯ ಹೊತ್ತೂ ನೋವಿನ ಲೆಕ್ಕಕ್ಕೆ ಸೇರುತ್ತದೆ. ಇಂಥ ಸರದಿ ಐದಾದರೂ ಆಗಿರಬೇಕು.

2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 226 ಮಕ್ಕಳ ಕೈಗೆ ಪೆನ್ಸಿಲ್ ಕೊಟ್ಟು, ತಲೆನೋವು ಬಂದಾಗಿನ ತಮ್ಮ ಚಿತ್ರ ಬರೆಯಲು ಹೇಳಿತು. ತಲೆಗೆ ಬಡಿಯುವ ಸುತ್ತಿಗೆ, ವಾಂತಿ, ಕತ್ತಲಲ್ಲಿ ಮಲಗಿದ ದೇಹ ಕಾಗದದ ಮೇಲೆ ಮೂಡಿದವು. ವೈದ್ಯರು ಮೈಗ್ರೇನ್ ಎಂದು ತೀರ್ಮಾನಿಸಿದ ಮಕ್ಕಳಲ್ಲಿ ಶೇ. 93ರಷ್ಟು ಮಂದಿಯ ಚಿತ್ರವೂ ಅದನ್ನೇ ಹೇಳಿತು. ಅದರ ಹಿಂದಿನ ವರ್ಷ ಸಿನ್ಸಿನಾಟಿಯಲ್ಲಿ ರೂಪುಗೊಂಡ ಪೆಡ್‌ಮೈಡಾಸ್ ಎಂಬ ಪ್ರಶ್ನಾವಳಿಯ ಆರು ಪ್ರಶ್ನೆಗಳು ಅಳೆಯುವುದು ತಪ್ಪಿದ ಶಾಲೆ, ಕಳೆದುಹೋದ ಆಟವನ್ನು. ರೋಗನಿರ್ಣಯ ಅದರ ಕೆಲಸವಲ್ಲ.

ತಲೆನೋವೇ ಇಲ್ಲದ ರೂಪಗಳೂ ಇವೆ. ಪದೇಪದೇ ಕಾಡುವ ಹೊಟ್ಟೆನೋವು, ಸರದಿಯಂತೆ ಬರುವ ವಾಂತಿ, ಹಠಾತ್ ತಲೆಸುತ್ತು ಎಷ್ಟೋ ಮಕ್ಕಳಲ್ಲಿ ಮುಂದೆ ಮೈಗ್ರೇನ್ ಆಗುತ್ತವೆ.

ನರಪರೀಕ್ಷೆ ಸರಿಯಿದ್ದರೆ ವಾಡಿಕೆಯ ಸ್ಕ್ಯಾನ್, ಇಇಜಿ ಬೇಡವೆಂದು ಅಮೆರಿಕದ ನರರೋಗ ಅಕಾಡೆಮಿ 2002ರಲ್ಲಿ ಹೇಳಿತು. ನಿದ್ದೆಯಿಂದ ಎಬ್ಬಿಸುವ ನೋವು, ಬೆಳಗಿನ ವಾಂತಿ, ತಡವರಿಸುವ ನಡಿಗೆ, ಹೊಸದಾಗಿ ಬಂದ ಮೆಳ್ಳೆಗಣ್ಣು ಇದ್ದರೆ ಮಾತ್ರ ಮಾತೇ ಬೇರೆ.

ಮನೆತನದ ವಿಚಾರ ಕೇಳುವಲ್ಲಿ ಕರ್ನಾಟಕದ್ದೇ ಒಂದು ತೊಡಕಿದೆ. ನಿಮ್ಹಾನ್ಸ್ ಸಮೀಕ್ಷೆಯಂತೆ ರಾಜ್ಯದ ವಯಸ್ಕರಲ್ಲಿ ನಾಲ್ವರಲ್ಲೊಬ್ಬರಿಗೆ ಮೈಗ್ರೇನ್ ಇದೆ. ಆದರೂ ಮೈಗ್ರೇನ್ ಇದೆಯೇ ಎಂದರೆ ಎಷ್ಟೋ ತಾಯಂದಿರು ಇಲ್ಲ ಎನ್ನುತ್ತಾರೆ. ಪಿತ್ತಕ್ಕೆ ತಲೆ ಸಿಡಿದು ವಾಂತಿಯಾಗುತ್ತದೆಯೇ ಎಂದರೆ ಹೌದೆನ್ನುತ್ತಾರೆ.