ಬಿಗಿಯುವ ಸರಪಳಿ, ಬಿಡಿಸುವ ಸರಪಳಿ

ಸರಪಳಿಯೆಂದೊಡನೆ ನಮಗೆ ನೆನಪಾಗುವುದು ಬಂಧನ. ಆನೆಯ ಕಾಲಿಗಾಗಲಿ ಸೆರೆಯಾಳಿನ ಕೈಗಾಗಲಿ ಬಿದ್ದರೆ ಅದರ ಕೆಲಸ ಒಂದೇ: ಹೋಗುವುದನ್ನು ಹೋಗದಂತೆ ಹಿಡಿದು ನಿಲ್ಲಿಸುವುದು. ಆದರೆ ನಿಂತದ್ದನ್ನು ಹೋಗುವಂತೆ ಮಾಡುವ ಸರಪಳಿಯೂ ಒಂದುಂಟು. ಹಿಮ ಬೀಳುವ ದೇಶಗಳಲ್ಲಿ ಮೋಟಾರಿನ ಚಕ್ರಕ್ಕೆ ತೊಡಿಸುವ ಸರಪಳಿ ಅದು. ಹಿಮವನ್ನು ಚಿತ್ರದಲ್ಲಿ ಮಾತ್ರ ಕಂಡವರಿಗೂ, ಮಳೆಗಾಲದ ಮಲೆನಾಡಿನ ಕೆಸರಿನಲ್ಲಿ ಹೂತ ಲಾರಿಯನ್ನು ನೋಡಿದ್ದರೆ, ಅದರ ಮರ್ಮ ತಿಳಿದೀತು. ಎಂಜಿನ್ನು ಗರ್ಜಿಸುತ್ತದೆ, ಚಕ್ರ ಗಿರ್ರನೆ ತಿರುಗುತ್ತದೆ, ಗಾಡಿ ಮಾತ್ರ ಇದ್ದಲ್ಲಿಯೇ. ಶಕ್ತಿಗೇನೂ ಕೊರತೆಯಿಲ್ಲ, ಕೊರತೆ ಹಿಡಿತದ್ದು.

ಈ ಕೊರತೆಯನ್ನು ನೀಗಿದವರಲ್ಲಿ ಒಬ್ಬನು ನ್ಯೂಯಾರ್ಕ್ ಸಂಸ್ಥಾನದ ಕನಸ್ಟೋಟ ಎಂಬ ಊರಿನ ಹ್ಯಾರಿ ವೀಡ್. ಜಾರುವ ದಾರಿಯಲ್ಲಿ ಮೋಟಾರಿನವರು ಟೈರಿಗೆ ಹಗ್ಗವನ್ನೋ ಬಳ್ಳಿಯನ್ನೋ ಸುತ್ತಿಕೊಂಡು ಪಾರಾಗುತ್ತಿದ್ದುದನ್ನು ಅವನು ಕಂಡನಂತೆ. ಹಗ್ಗ ಬೇಗ ಹರಿಯುತ್ತದೆ. ಅದರ ಜಾಗಕ್ಕೆ ಸರಪಳಿ ಬಂದರೆ? 1904ನೆಯ ಆಗಸ್ಟ್ 23ರಂದು ಅವನಿಗೆ ಅದರ ಹಕ್ಕುಪತ್ರ ದೊರೆಯಿತು. ಟೈರಿನ ಎರಡು ಪಕ್ಕಗಳಲ್ಲಿ ಎರಡು ಸರಪಳಿ, ಅವುಗಳ ನಡುವೆ ಏಣಿಯ ಮೆಟ್ಟಿಲಿನಂತೆ ಅಡ್ಡ ಸರಪಳಿಗಳು. ಚಕ್ರ ಉರುಳಿದಂತೆಲ್ಲ ಒಂದೊಂದು ಮೆಟ್ಟಿಲೂ ಹಿಮವನ್ನು ಕಚ್ಚಿ ಗಾಡಿಯನ್ನು ಮುಂದಕ್ಕೆ ನೂಕುತ್ತದೆ.

ಇದರ ಕಥೆಯಲ್ಲಿ ಒಂದು ವಿನೋದವೂ ಇದೆ. 1908ರಲ್ಲಿ ವೀಡನ ಕಂಪನಿಯವರು ಬಂಧನ ಬಿಡಿಸಿಕೊಳ್ಳುವುದರಲ್ಲಿ ಜಗತ್ಪ್ರಸಿದ್ಧನಾಗಿದ್ದ ಹೂಡಿನಿಗೆ ಸವಾಲು ಹಾಕಿ, ನ್ಯೂಯಾರ್ಕಿನ ರಂಗಮಂದಿರದಲ್ಲಿ ಅವನನ್ನು ಇದೇ ಸರಪಳಿಗಳಿಂದ ಬಿಗಿದರು. ಆತ ಬಿಡಿಸಿಕೊಂಡು ಬಂದ. ಬಿಡುಗಡೆಗೆಂದು ಹುಟ್ಟಿದ ಸರಪಳಿಯನ್ನು ಬಂಧನಕ್ಕೆ ಬಳಸಿದ ಜಾಹೀರಾತು ಅದು!

1925ರಲ್ಲಿ ಫೋರ್ಡ್ ಕಂಪನಿ ಸಾಮಾನು ಸಾಗಿಸುವ ಪಿಕಪ್ ಗಾಡಿಯನ್ನು ಕಾರ್ಖಾನೆಯಲ್ಲಿಯೇ ಸಿದ್ಧಪಡಿಸಿ 281 ಡಾಲರಿಗೆ ಮಾರಿತು. ರೈತನಿಗೂ ಬಡಗಿಗೂ ಅದು ಬಲಗೈಯಾಯಿತು. ಆದರೆ ಪಿಕಪ್ಪಿಗೆ ಒಂದು ಹುಟ್ಟುಗುಣವಿದೆ: ಎಂಜಿನ್ನಿನ ಭಾರವೆಲ್ಲ ಮುಂದೆ, ಬರಿದಾದ ತೊಟ್ಟಿ ಹಿಂದೆ. ಹಿಂದಿನ ಚಕ್ರದಿಂದ ಓಡುವ ಗಾಡಿಯಲ್ಲಿ ನೂಕಬೇಕಾದ ಚಕ್ರವೇ ಹಗುರ! ಆದ್ದರಿಂದ ಸರಪಳಿ ಅಲ್ಲಿಗೇ ಬೇಕು. ನಾಲ್ಕೂ ಚಕ್ರದಿಂದ ಓಡುವ ಗಾಡಿಯಾದರೆ ಯಾವ ಚಕ್ರಕ್ಕೆಂಬುದನ್ನು ತಯಾರಕರ ಕೈಪಿಡಿ ಹೇಳುತ್ತದೆ.

ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಅಚ್ಚಾದ ಅಂಕಿಗಳೆಲ್ಲವೂ ಸರಪಳಿಯ ಅಳತೆಗೆ ತಾಳೆಯಾಗಬೇಕು. ಚಕ್ರಕ್ಕೂ ಅದರ ಮೇಲಿನ ತಗಡಿಗೂ ನಡುವೆ ಸರಪಳಿ ತಿರುಗುವಷ್ಟು ತೆರಪಿರಬೇಕು. ತೊಡಿಸುವಾಗ ಮೊದಲು ನೆಲದ ಮೇಲೆ ಹರಡಿ ತೊಡಕು ಬಿಡಿಸಿ, ಕೊಕ್ಕೆಗಳ ತುದಿ ಟೈರಿಗೆ ತಾಗದಂತೆ ಹೊರಮುಖವಾಗಿ ಹೊದಿಸಬೇಕು. ಗಾಡಿಯನ್ನು ಒಂದಿಷ್ಟು ಮುಂದೆ ಸರಿಸಿ, ಒಳಗಿನ ಕೊಕ್ಕೆಯನ್ನು ಮೊದಲು, ಹೊರಗಿನದನ್ನು ಆಮೇಲೆ ಬಿಗಿಯಬೇಕು. ಸ್ವಲ್ಪ ದೂರ ಹೋಗಿ ಇಳಿದು ಮತ್ತೆ ಬಿಗಿಯಬೇಕು. ಗಂಟೆಗೆ 30 ಮೈಲಿ ಮೀರಬಾರದು. ಒಣ ರಸ್ತೆ ಬಂದೊಡನೆ ಕಳಚಬೇಕು.

ಕ್ಯಾಲಿಫೋರ್ನಿಯದ ಡಾನರ್ ಕಣಿವೆಯ ದಾರಿಗೆ ಆ ಹೆಸರು ಬಂದದ್ದು ದುಃಖದಿಂದ. 1846ರ ಚಳಿಗಾಲದಲ್ಲಿ ಎತ್ತಿನ ಬಂಡಿಗಳಲ್ಲಿ ಬಂದ ವಲಸೆಗಾರರ ತಂಡ ಅಲ್ಲಿ ಹಿಮದಲ್ಲಿ ಸಿಕ್ಕಿಕೊಂಡಿತು. 87 ಮಂದಿಯ ಆ ತಂಡದಲ್ಲಿ ಅರ್ಧದ ಹತ್ತಿರ ಹತ್ತಿರ ಮಂದಿ ಮರಳಲಿಲ್ಲ. ಇಂದು ಅದೇ ಬೆಟ್ಟವನ್ನು ಹೆದ್ದಾರಿ ದಾಟುತ್ತದೆ. ಹಿಮ ಹೆಚ್ಚಾದಂತೆ ಅಲ್ಲಿನ ಸರಪಳಿಯ ಕಟ್ಟಳೆ ಮೂರು ಹಂತಗಳಲ್ಲಿ ಬಿಗಿಯಾಗುತ್ತದೆ. ಎರಡನೆಯದರವರೆಗೆ ನಾಲ್ಕು ಚಕ್ರದ ಗಾಡಿಗೆ ಹಿಮದ ಟೈರಿದ್ದರೆ ವಿನಾಯಿತಿ. ಸರಪಳಿ ಮಾತ್ರ ಜೊತೆಯಲ್ಲಿರಲೇಬೇಕು. ಮೂರನೆಯದರಲ್ಲಿ ಯಾರಿಗೂ ವಿನಾಯಿತಿಯಿಲ್ಲ. ಎಷ್ಟು ಕುದುರೆಗಳ ಬಲವಿದ್ದರೂ ಒಡೆಯನು ಗಾಡಿಯಿಂದಿಳಿದು, ಮೊಣಕಾಲೂರಿ ಸರಪಳಿ ತೊಡಿಸಲೇಬೇಕು.

ಆ ಬಂಡಿಗಳಿಗೂ ಇಂದಿನ ಪಿಕಪ್ಪಿಗೂ ನಡುವೆ ಇರುವುದು ಎಂಜಿನ್ನೊಂದೇ ಅಲ್ಲ. ಮನೆ ಬಿಡುವ ಮುಂಚೆ ಅಳತೆ ನೋಡಿ, ಅಂಗಳದಲ್ಲಿ ಒಮ್ಮೆ ತೊಡಿಸಿ ಕಲಿತ ಮುನ್ನೆಚ್ಚರಿಕೆಯೂ ಹೌದು. ಹಿಮ ಸುರಿಯತೊಡಗಿದ ಮೇಲೆ, ಮರಗಟ್ಟಿದ ಬೆರಳುಗಳಿಗೆ ಯಾರೂ ಹೊಸದಾಗಿ ವಿದ್ಯೆ ಕಲಿಸಲಾರರು.